ಅಂಬಲಿಯಲ್ಲಿ ಬಿಚ್ಚಿದ ಮುಷ್ಟಿ

ಕಡ್ಡಿ ಬಂದ ಮೇಲೆ ನಮ್ಮ ಸೀಮೆಯಲ್ಲಿ ಊಟಕ್ಕೆ ಜಾತಿ ಎರಡೇ ಆದವು. ಒಂದು ಹಸಿರು, ಇನ್ನೊಂದು ಕೆಂಪು.

ಕಡ್ಡಿ ಅಂದರೆ ದೊಡ್ಡ ಯಂತ್ರವೇನೂ ಅಲ್ಲ. ಬೆರಳುದ್ದದ ಕಾಗದದ ಪಟ್ಟಿ. ಅದರ ತುದಿಯಲ್ಲಿ ಸೀಸವನ್ನು ಗುರುತು ಹಿಡಿಯುವ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಒಣಗಿಸಿ ಕೂರಿಸಿರುತ್ತಾರೆ. ಬೇಳೆಯನ್ನೋ ಹಿಟ್ಟನ್ನೋ ನೀರಿನಲ್ಲಿ ಕದಡಿ ಅದ್ದಿದರೆ ಸಾಕು. ಸೀಸ ಮಿತಿಯೊಳಗಿದ್ದರೆ ತುದಿ ಹಸಿರಾಗುತ್ತದೆ, ಮೀರಿದ್ದರೆ ಕೆಂಪಾಗುತ್ತದೆ. ಬಿಸಿ ಪದಾರ್ಥಕ್ಕೆ ಅದ್ದಿದರೆ ಜೀವಿ ಸತ್ತು ಕಡ್ಡಿ ಕೆಡುತ್ತದೆ. ಹಾಗಾಗಿ ಜನ ಅಂಗಡಿಯ ಮುಂದೆಯೇ ಹಸಿ ಸಾಮಾನಿಗೆ ಅದ್ದಿ ನೋಡಿ ತರುತ್ತಿದ್ದರು. ಬೇಯಿಸಿದ್ದಕ್ಕೆ ಯಾರೂ ಅದ್ದುತ್ತಿರಲಿಲ್ಲ. ಹಸಿರು ಬೇಳೆ ಬೆಂದರೆ ಹಸಿರೇ ತಾನೆ?

ಕಡ್ಡಿ ಬರುವವರೆಗೆ ನಾವು ಏನು ತಿನ್ನುತ್ತಿದ್ದೇವೆ ಎನ್ನುವುದು ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಿರಲಿಲ್ಲ. ಊರಾಚೆ ವರ್ಷಗಟ್ಟಲೆ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳಿದ್ದವು. ಕರಗಿಸಿದವರು ದುಡ್ಡು ಮಾಡಿಕೊಂಡು ಎತ್ತಲೋ ಹೋದರು. ಬೂದಿ ಮಾತ್ರ ಗಾಳಿಯಲ್ಲಿ ಬಂದು ಹೊಲದಲ್ಲಿ ಕೂತಿತು. ಕಡ್ಡಿ ಬಂದ ವರ್ಷ ನಮ್ಮ ಸುತ್ತಲಿನ ತೊಗರಿ ಕೆಂಪು, ಕಡಲೆ ಕೆಂಪು, ಹೆಸರು ಕೆಂಪು; ಜೋಳ ಮಾತ್ರ ಮಿತಿಯೊಳಗಿತ್ತು. ಹಸಿರು ಬೇಳೆ ದೂರದಿಂದ ಬರುತ್ತಿತ್ತು. ಅದನ್ನು ಕೊಳ್ಳುವವರ ಓಣಿಯೇ ಬೇರೆ, ನಮ್ಮ ಓಣಿಯೇ ಬೇರೆ.

ಆಗ ಬಂದದ್ದು ಕಸುವು. ಡಬ್ಬದಲ್ಲೂ ಪ್ಯಾಕೆಟ್ಟಿನಲ್ಲೂ ಸಿಗುವ ಪ್ರೋಟೀನ್ ಪುಡಿ. ಅದೇ ಕೆಂಪು ತೊಗರಿ, ಅದೇ ಕೆಂಪು ಕಡಲೆಯಿಂದ ಮಾಡಿದ್ದು. ಆದರೂ ಕಡ್ಡಿ ಅದ್ದಿದರೆ ಹಸಿರು. ನಮ್ಮಂಥವರ ಕೈಗೂ ಎಟುಕುವ ಬೆಲೆ. ರಿಂಗ್ ರೋಡಿನ ಆ ಕಾರ್ಖಾನೆಯಲ್ಲೇ ನನಗೆ ಕೆಲಸ ಸಿಕ್ಕಿತು. ಕಂಟ್ರೋಲ್ ರೂಮಿನಲ್ಲಿ ಕೂತು ತೊಟ್ಟಿಗಳ ಬಿಸಿ, ಹುಳಿ ನೋಡುತ್ತಾ ಬಟನ್ ಒತ್ತುವ ಕೆಲಸ.

ಆ ಪುಡಿಯ ಗುಟ್ಟನ್ನು ಮೊದಲ ದಿನವೇ ಸುಗುಣಾ ಮೇಡಂ ನಮಗೆಲ್ಲ ಹೇಳಿದ್ದರು. ಡಾಕ್ಟರ್ ಸುಗುಣಾ ಸಾಲೋಮನ್, ಲ್ಯಾಬಿನ ಮುಖ್ಯಸ್ಥೆ, ಬೀದರ ಕಡೆಯವರು. ಕಂಡುಹಿಡಿದವರೇ ಅವರು.

"ಸೀಸ ತೆಗೀಲಿಕ್ಕೆ ಹೋದ್ರ ಪುಡಿ ಬಂಗಾರದ ರೇಟಿಗೆ ಹೋಗ್ತದ. ಅದಕ್ಕ ನಾವು ತೆಗೆಯಲ್ಲ, ಹಿಡೀತೀವಿ," ಅಂದು ಅವರು ಕೈಯೆತ್ತಿ ಬೆರಳು ಮಡಚಿದರು. "ಇದು ಮುಷ್ಟಿ. ಯೀಸ್ಟಿನೊಳಗ ನಾವು ಬೆಳಸಿದ ಒಂದು ಪ್ರೋಟೀನು. ಸೀಸದ ಕಣ ಸಿಕ್ಕ ಕೂಡಲೇ ಹಿಂಗ ಹಿಡ್ಕೋತದ. ಹೊಟ್ಟಿಗೆ ಹೋದ್ರೂ ಬಿಡಲ್ಲ, ಕರುಳಿಗೆ ಹೋದ್ರೂ ಬಿಡಲ್ಲ. ಮರುದಿನ ಹೊರಗ."

ಹಿಂದೆ ನಿಂತಿದ್ದವನೊಬ್ಬ ಕೇಳಿದ: "ಚರಗಿ ತಗೊಂಡು ಬಯಲಿಗೆ ಹೋಗೂತನಕ ಹಿಡ್ಕೊಂಡೇ ಇರ್ತದೇನ್ರಿ ಮೇಡಂ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮೇಡಂ ಕೂಡ ನಕ್ಕರು. "ಚರಗಿ ಜೋಡಿನೇ ಹೋಗ್ತದಪ್ಪ. ಮನೀ ದಾರಿ ಹಿಡಿಯಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುವ ಹಾಗಾಗುತ್ತದೆ. ಸುಳ್ಳು ಹೇಳಿದ್ದರೆ ಬೈಯುವುದು ಎಷ್ಟು ಸುಲಭವಿತ್ತು. ಪ್ರತಿ ತಯಾರಿಯ ಪುಡಿಯನ್ನೂ ನಾವು ಒಂದು ತೊಟ್ಟಿಯಲ್ಲಿ ಬರೀ ನೀರು ಹಾಕಿ ಕುದಿಸುತ್ತಿದ್ದೆವು. ಗೋದಾಮಿನ ಸೆಖೆಗೂ ಲಾರಿಯ ಬಿಸಿಲಿಗೂ ಮುಷ್ಟಿ ಬಿಚ್ಚಬಾರದಲ್ಲ. ಇನ್ನೊಂದು ತೊಟ್ಟಿಯಲ್ಲಿ ಮನುಷ್ಯನ ಜಠರದಷ್ಟೇ ಹುಳಿ ಬೆರೆಸಿ, ಮೈಯ ಕಾವಿನಷ್ಟೇ ಕಾವು ಕೊಟ್ಟು ತಿರುಗಿಸುತ್ತಿದ್ದೆವು. ಎರಡೂ ಕಡೆ ಕಡ್ಡಿ ಹಸಿರು; ಮುಷ್ಟಿಯೊಳಗಿನ ಸೀಸ ಕಡ್ಡಿಗೆ ಕಾಣದು. ಹಸಿರು ಬಂದರೆ ನಾನು ಬಟನ್ ಒತ್ತುತ್ತಿದ್ದೆ. ಪುಡಿ ಪ್ಯಾಕೆಟ್ಟಿಗೆ ಹೋಗುತ್ತಿತ್ತು.

*

ಪ್ಯಾಕೆಟ್ಟಿನ ಮೇಲೆ ದುಂಡಗೆ ಬರೆದಿತ್ತು: ತಣ್ಣೀರಿನಲ್ಲಿ ಕಲಕಿ ಕುಡಿಯಿರಿ.

ಮೊದಲ ಪ್ಯಾಕೆಟ್ ಮನೆಗೆ ತಂದ ದಿನ ಅವ್ವನಿಗೆ ಅದನ್ನು ಓದಿ ಹೇಳಿದವನು ನನ್ನ ತಮ್ಮ ಭೀಮಾಶಂಕರ. ನಮಗೆಲ್ಲ ಭೀಮ್ಯಾ. ಖಾಜಾ ಉಸ್ತಾದರ ಗರಡಿಯಲ್ಲಿ ಸಾಮು ಮಾಡುವ ಹುಡುಗ, ಓಣಿಯ ಹೆಮ್ಮೆ. ಅವನ ಹಿಡಿತಕ್ಕೆ ಸಿಕ್ಕವರು ತಪ್ಪಿಸಿಕೊಂಡದ್ದನ್ನು ನಾನು ನೋಡಿಲ್ಲ. ರಾಜ್ಯ ತಂಡದ ಆಯ್ಕೆಗೆ ಅವನ ಹೆಸರು ಹೋಗಿತ್ತು. ಆಯ್ಕೆಯಾದರೆ ಹಾಸ್ಟೆಲು, ಆಮೇಲೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿ. ನಮ್ಮ ಮನೆಯ ಮೂರೂ ಜನರ ಕಣ್ಣು ಅದರ ಮೇಲೆಯೇ ಇತ್ತು.

ಅವ್ವ ಪ್ಯಾಕೆಟ್ಟನ್ನು ಮೂಸಿ ನೋಡಿ ಮುಖ ಕಿವುಚಿದಳು.

"ಹಸೀ ಹಿಟ್ಟು ತಣ್ಣೀರಾಗ ಕಲಸಿ ಕುಡೀಲಿಕ್ಕೆ ನನ್ನ ಮಗ ಏನು ಎತ್ತು ಅಂತ ತಿಳ್ಕೊಂಡಾರೇನು?"

"ಯವ್ವಾ, ಅಲ್ಲೇ ಬರದಾರಲ್ಲ," ಅಂದ ಭೀಮ್ಯಾ.

"ಬರದವಗ ಮಕ್ಕಳಿಲ್ಲ. ಹಸಿ ಹಿಟ್ಟು ಹೊಟ್ಟ್ಯಾಗ ಹೋಗಿ ಗುಡುಗುಡು ಅಂದ್ರ, ನೀ ಕುಸ್ತಿ ಬಿಟ್ಟು ಬಯಲಿಗೆ ಓಡಬೇಕಾಗ್ತದ. ಆವಾಗ ಎದುರಾಳಿ ನಿನ್ನ ಬೆನ್ನು ನೋಡಿ ಗೆದ್ದೆ ಅಂತ ಕುಣೀತಾನ."

ನಮ್ಮ ಕಡೆ ಹಸಿ ಹಿಟ್ಟನ್ನು ಯಾರೂ ಹಾಗೇ ಕುಡಿಯುವುದಿಲ್ಲ. ಕೂಸಿಗೆ ಕೊಡಲಿ, ಬಾಣಂತಿಗೆ ಕೊಡಲಿ, ಹಿಟ್ಟು ಒಲೆ ಕಾಣಲೇಬೇಕು. ಅವ್ವನ ಕೈಯ ಜೋಳದ ಅಂಬಲಿ ಓಣಿಗೇ ಹೆಸರು. ಸಂಜೆಯೇ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಗಡಿಗೆಯಲ್ಲಿಟ್ಟರೆ ಬೆಳಗಾಗುವ ಹೊತ್ತಿಗೆ ಹುಳಿ ಬಂದಿರುತ್ತದೆ. ಅದನ್ನು ಒಲೆಗೇರಿಸಿ, ತಿರುವುತ್ತಾ, ಹಸಿ ವಾಸನೆ ಹೋಗುವವರೆಗೆ ಕುದಿಸುತ್ತಾಳೆ. ಕಸುವನ್ನೂ ಅದರಲ್ಲೇ ಸುರಿದಳು. ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಭೀಮ್ಯಾ ಕುಡಿದು ತುಟಿ ನೆಕ್ಕಿದ.

"ಇದು ಖುರಾಕು ನೋಡು ಯವ್ವಾ! ಉಸ್ತಾದ್ ಕುಡದ್ರ ಮುಪ್ಪಿನಾಗ ಮತ್ತ ಲಂಗೋಟಿ ಕಟ್ತಾನ."

ಉಸ್ತಾದರೂ ಕುಡಿದರು, ಮೆಚ್ಚಿದರು. ಗರಡಿಗೆ ಕ್ಯಾನಿನಲ್ಲಿ ಅಂಬಲಿ ಹೋಗತೊಡಗಿತು. ಓಣಿಯ ಹೆಂಗಸರು ಬಂದು ಕಲಿತುಕೊಂಡು ಹೋದರು. ತಣ್ಣೀರಲ್ಲಿ ಕಲಕಿ ಕೊಟ್ಟರೆ ಉಗುಳುತ್ತಿದ್ದ ಮಕ್ಕಳು ಅಂಬಲಿಯಲ್ಲಿ ಬೆರೆಸಿದರೆ ಲೋಟ ತಿರುವಿ ಬಡಿದು ಇನ್ನೂ ಬೇಕು ಅನ್ನುತ್ತಿದ್ದವು. ನಾನಂತೂ ಕಾರ್ಖಾನೆಯ ಕ್ಯಾಂಟೀನಿನಲ್ಲೇ ಉಂಡು ಬರುತ್ತಿದ್ದೆ. ಗರಡಿಯ ಹುಡುಗರು ಒಂದೊಂದು ಲೋಟ ಕುಡಿಯುತ್ತಿದ್ದರು. ಭೀಮ್ಯಾ ಮೂರು ಹೊತ್ತೂ ಚೆಂಬುಗಟ್ಟಲೆ ಕುಡಿಯುತ್ತಿದ್ದ.

ಒಂದು ವರ್ಷ ಹೀಗೇ ಹೋಯಿತು. ನಡುನಡುವೆ ಭೀಮ್ಯಾ ಹೊಟ್ಟೆ ಹಿಂಡುತ್ತದೆ ಅನ್ನುತ್ತಿದ್ದ. ಅವ್ವ ಅಂಬಲಿಗೆ ಇನ್ನಷ್ಟು ಜೀರಿಗೆ ಹಾಕುತ್ತಿದ್ದಳು, ಇನ್ನಷ್ಟು ಹೊತ್ತು ಕುದಿಸುತ್ತಿದ್ದಳು.

*

ಆಯ್ಕೆಯ ದಿನ ಹತ್ತಿರವಿತ್ತು. ಗರಡಿಯಲ್ಲಿ ಜೋಡಿ ಕುಸ್ತಿ ನಡೆದಿತ್ತು. ನಾನು ರಜೆ ಹಾಕಿ ನೋಡಲು ಹೋಗಿದ್ದೆ. ಎದುರಾಳಿ ಕೈ ಚಾಚಿ ನಿಂತ. ಭೀಮ್ಯಾ ಮುಂದೆ ಬಂದ. ತೋಳು ಎತ್ತಿದ. ಆದರೆ ಮಣಿಕಟ್ಟಿನಿಂದ ಮುಂದೆ ಬಲಗೈ ಜೋತುಬಿತ್ತು, ಕೊರಳು ಮುರಿದ ಕೋಳಿಯ ಹಾಗೆ.

"ಏಯ್, ಕೈ ಎತ್ತಲೇ!" ಖಾಜಾ ಉಸ್ತಾದರು ಗದರಿದರು. "ಮದುಮಗಳಂಗ ಯಾಕ ಜೋಲು ಬಿಟ್ಟೀದಿ? ಬಳಿ ತೊಡಸಬೇಕೇನು?"

ಹುಡುಗರು ಕಿಸಕ್ಕೆಂದು ನಕ್ಕರು. ಭೀಮ್ಯಾ ನಗಲಿಲ್ಲ. ತನ್ನ ಕೈಯನ್ನೇ ನೋಡುತ್ತಾ ನಿಂತಿದ್ದ.

"ಎತ್ತಲಿಕತ್ತೀನಿ ಉಸ್ತಾದ್," ಅಂದ. "ಅದು ಏಳವಲ್ದು."

ಮೊದಲ ಡಾಕ್ಟರು ಕುಸ್ತಿಯಲ್ಲಿ ನರ ಒತ್ತಿರಬೇಕು ಅಂದರು. ಪಟ್ಟಿ ಕಟ್ಟಿ ಕಳಿಸಿದರು. ಎರಡನೆಯ ಡಾಕ್ಟರು ಭೀಮ್ಯಾನ ತುಟಿ ಸರಿಸಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ ಎಳೆದಂತಿತ್ತು. ರಕ್ತ ತೆಗೆದು ಕಳಿಸಿದರು. ವರದಿ ಬಂದ ಮೇಲೆ ನನ್ನನ್ನು ಹೊರಗೆ ಕರೆದು ಕೇಳಿದರು: "ನಿಮ್ಮ ತಮ್ಮ ಬ್ಯಾಟರಿ ಶೆಡ್ಡಿನಲ್ಲಿ ಕೆಲಸ ಮಾಡ್ತಾನಾ? ಮೈ ತುಂಬಾ ಸೀಸ."

"ಇಲ್ರಿ, ಆಂವ ಬರೀ ಗರಡಿ, ಮನಿ."

"ಹಾಗಾದ್ರೆ ತಿನ್ನೋದರಲ್ಲೇ ಬಂದಿರಬೇಕು. ಏನು ತಿನ್ನುತ್ತಾನೆ?"

ಏನು ತಿನ್ನುತ್ತಾನೆ? ಕಡ್ಡಿ ಅದ್ದಿ ತಂದದ್ದನ್ನು ತಿನ್ನುತ್ತಾನೆ. ನಾನೇ ಬಟನ್ ಒತ್ತಿ ಕಳಿಸಿದ್ದನ್ನು ತಿನ್ನುತ್ತಾನೆ.

ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋದೆ. ಲ್ಯಾಬಿನ ಬಾಗಿಲನ್ನು ಒದ್ದ ರಭಸಕ್ಕೆ ಗಾಜು ಬಿರಿಯಿತು. ಸುಗುಣಾ ಮೇಡಂ ಎದ್ದು ನಿಂತರು. ಏನೇನು ಬೈದೆನೋ ನೆನಪಿಲ್ಲ. ಅವರು ಬೈಸಿಕೊಂಡರು. ಆಮೇಲೆ ನಮ್ಮ ಮನೆಯ ಪ್ಯಾಕೆಟ್ ತರಿಸಿ ನನ್ನ ಕಣ್ಣೆದುರೇ ಕದಡಿ ಕಡ್ಡಿ ಅದ್ದಿದರು. ಹಸಿರು. ಕುದಿಸಿ, ಆರಿಸಿ ಅದ್ದಿದರು. ಹಸಿರು. ಜಠರದ ಹುಳಿಯ ತೊಟ್ಟಿಗೆ ಹಾಕಿ ಅದ್ದಿದರು. ಅದೂ ಹಸಿರು.

"ಮುಷ್ಟಿ ಬಿಚ್ಚಿಲ್ಲ ಅಂಬಾರಾಯ," ಅಂದರು.

"ಹಂಗಾದ್ರ ನನ್ನ ತಮ್ಮನ ಮುಷ್ಟಿ ಯಾಕ ಬಿಚ್ಚಿತ್ರಿ?"

ಅವರು ಮೇಜಿನ ಮೇಲಿದ್ದ ಬ್ಯಾಗ್ ತೆಗೆದುಕೊಂಡು ಅಂದರು: "ನಡಿ, ನಿಮ್ಮ ಮನಿಗೆ ಹೋಗೋಣು."

*

ಅವ್ವ ಸಂಭ್ರಮಪಟ್ಟಳು. ಇಷ್ಟು ದೊಡ್ಡ ಓದಿದವರು ತನ್ನ ಅಡಿಗೆಮನೆಯ ಹೊಸ್ತಿಲಿಗೆ ಬಂದಿದ್ದಾರೆ ಅಂತ. ಭೀಮ್ಯಾನ ಕೈ ಸರಿಯಾಗುವ ಔಷಧಿ ಇವರೇ ಕೊಡುತ್ತಾರೆ ಅಂತ ಅವಳ ಮನಸ್ಸಿನಲ್ಲಿ.

"ಕೂಡ್ರಿ ಮೇಡಂನೋರ, ಒಂದು ಗುಟುಕು ಅಂಬಲಿ ಕುಡೀರಿ. ಆಮ್ಯಾಲ ಮಾತು. ಬಿಸಲಾಗ ಬಂದೀರಿ."

"ನಿಮ್ಮ ಮಗ ಕುಡಿಯೋದು ಇದೇ ಏನ್ರವ್ವಾ?"

"ಇದೇ ನೋಡ್ರಿ. ನಿಮ್ಮ ಪುಡಿನೇ ಹಾಕೀನಿ. ನೀವು ತಣ್ಣೀರಂತ ಬರದೀರಿ, ನನಗ ಅದು ಮನಸಿಗಿ ಬರಲ್ಲ ಬಿಡ್ರಿ. ಚೊಲೋತ್ನಂಗ ಕುದಿಸ್ತೀನಿ."

ಮೇಡಂ ಲೋಟವನ್ನು ಬಾಯಿಯ ಹತ್ತಿರ ತಂದವರು ಅಲ್ಲಿಯೇ ನಿಲ್ಲಿಸಿದರು. ಆ ಹುಳಿ ವಾಸನೆ ಮೂಗಿಗೆ ಬಡಿದಿರಬೇಕು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಲೋಟ ಕೆಳಗಿಟ್ಟರು.

"ನಮ್ಮವ್ವನೂ ಹಿಂಗೇ ಮಾಡ್ತಿದ್ಲು," ಅಂದರು ಮೆಲ್ಲಗೆ. "ಹಿಟ್ಟು ಹುಳಿ ಬರಿಸಿ, ಕುದಿಸಿ."

"ಮತ್ತ? ಅಂಬಲಿ ಅಂದ್ರ ಹಂಗೇ ಅಲ್ಲೇನ್ರಿ?" ಅವ್ವ ನಕ್ಕಳು. "ಕುಡೀರಿ ಕುಡೀರಿ, ಆರ್ತದ."

"ಒಂದು ಬಾಟ್ಲಿಯೊಳಗ ಹಾಕಿ ಕೊಡ್ರವ್ವಾ. ಆಮ್ಯಾಲ ಕುಡೀತೀನಿ."

ಅವ್ವ ಬಾಟಲಿ ತುಂಬಿಸಿ ಕೊಟ್ಟಳು. ದಾರಿಯುದ್ದಕ್ಕೂ ಮೇಡಂ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದರು.

ಲ್ಯಾಬಿನಲ್ಲಿ ಅಂಬಲಿಯನ್ನು ಸೋಸಿ, ಪೂರ್ತಿ ಆರಿಸಿ, ಕಡ್ಡಿ ಅದ್ದಿದರು. ಅದ್ದಿದ ಕೈ ಮೇಲೆತ್ತುವ ಮೊದಲೇ ಕೆಂಪು. ಕೆಂಪು ಅಂದರೆ ಅಂಥಾ ಕೆಂಪನ್ನು ನಾನು ಶೆಡ್ಡಿನ ಬೂದಿಗೆ ಅದ್ದಿದಾಗಲೂ ನೋಡಿರಲಿಲ್ಲ.

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು.

"ಬಿಸಿಯೊಳಗ ಹಾಕಿ ನೋಡಿದ್ವಿ, ತಡೀತು. ಹುಳಿಯೊಳಗ ಹಾಕಿ ನೋಡಿದ್ವಿ, ತಡೀತು. ಹುಳಿಯೊಳಗ ಕುದಿಸಿ ಒಮ್ಮೆ ನೋಡಲಿಲ್ಲ. ಒಂದೊಂದೇ ಆದ್ರ ಮುಷ್ಟಿ ಗಟ್ಟಿ. ಎರಡೂ ಕೂಡಿ ಎಳದ್ರ ಹಿಡಕೊಂಡ ಅಷ್ಟೂ ಸೀಸ ಬಿಟ್ಟು ಬಿಡ್ತದ." ಅವರು ತಲೆ ಎತ್ತಲಿಲ್ಲ. "ಯಾರೋ ಪರದೇಶದವರು ಇದನ್ನ ಮರತಿದ್ರ ಮಾತು ಬ್ಯಾರೆ. ನಾ ಅಂಬಲಿ ಉಂಡು ಬೆಳದಕಿ, ಅಂಬಾರಾಯ. ಕೋಟು ಹಾಕ್ಕೊಂಡು ಒಳಗ ಬಂದ ಮ್ಯಾಲ ಹಿಟ್ಟನ್ನ ಜನ ಪ್ಯಾಕೆಟ್ ಓದಿ ತಿಂತಾರ ಅಂತ ಹೆಂಗ ನಂಬಿದೆ?"

ಬೈಯಲು ಬಾಯಿ ತೆರೆದೆ. ಆದರೆ ನಾನೂ ಅದೇ ಅಂಬಲಿ ಉಂಡು ಬೆಳೆದವನು. ಅದೇ ತೊಟ್ಟಿಗಳ ಮುಂದೆ ಕೂತವನು.

*

ಮರುದಿನ ಮ್ಯಾನೇಜರ್ ಅಮರೇಶನ ಕೋಣೆಯಲ್ಲಿ ಮೇಡಂ ಹೇಳಿದ್ದು ಒಂದೇ ಮಾತು: ಮಾರಾಟ ನಿಲ್ಲಿಸಬೇಕು, ಇವತ್ತೇ. ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಅಮರೇಶ ಪ್ಯಾಕೆಟ್ಟನ್ನು ತಿರುಗಿಸಿ ನಮಗೆ ತೋರಿಸಿದ. "ಓದಿ ಮೇಡಂ. ತಣ್ಣೀರು ಅಂತ ಸ್ಪಷ್ಟವಾಗಿದೆ. ನೀವೇ ಬರೆಸಿದ್ದು. ಮನೆಯವರು ಹೇಳಿದ ಹಾಗೆ ಬಳಸದಿದ್ದರೆ ಕಂಪನಿ ಹೊಣೆಯಾಗುತ್ತಾ? ನಾಳೆ ಇನ್ನೊಬ್ಬರು ಇದನ್ನು ಕಣ್ಣಿಗೆ ಹಚ್ಚಿಕೊಂಡರೆ?"

"ನಿಮ್ಮ ಮನಿಯೊಳಗ ಅಂಬಲಿ ಕಣ್ಣಿಗೆ ಹಚ್ಚಿಕೋತೀರೇನ್ರಿ?" ಅಂದೆ ನಾನು.

"ನೀನು ಹೊರಗೆ ನಿಲ್ಲಪ್ಪ."

ಹೊರಗೇನು, ಅವತ್ತೇ ಕೆಲಸದಿಂದ ತೆಗೆದರು. ಪ್ಯಾಕೆಟ್ಟಿನ ಹಿಂಬದಿಗೆ ಒಂದು ಸಣ್ಣ ಚೀಟಿ ಅಂಟಿಸಿದರು: ಬಿಸಿ ಮಾಡಬಾರದು. ಇರುವೆಯ ಕಾಲಿನಷ್ಟು ಅಕ್ಷರ. ಮಾರಾಟ ನಡೆದೇ ಇತ್ತು. ಮೇಡಂ ಆಹಾರ ಸುರಕ್ಷತೆಯವರಿಗೆ ದೂರು ಕೊಟ್ಟರು, ವಿಚಾರಣೆ ಆಗುತ್ತದೆ ಅಂದರು. ಆದರೆ ಲ್ಯಾಬಿನ ಕಡ್ಡಿ ಸಾಲದು. ಮನೆಯಲ್ಲಿ ಜನ ನಿಜವಾಗಿ ಹೀಗೇ ಮಾಡುತ್ತಾರೆ ಅಂತ ಮಾಡಿದವರೇ ಬಂದು ಹೇಳಬೇಕು. "ನಿಮ್ಮವ್ವ ಬಂದ್ರ..." ಅಂದರು.

ಭೀಮ್ಯಾನನ್ನು ಆಸ್ಪತ್ರೆಯಲ್ಲಿಟ್ಟಿದ್ದರು. ಸೀಸವನ್ನು ರಕ್ತದಿಂದ ಎಳೆದು ಮೂತ್ರದಲ್ಲಿ ಕಳಿಸುವ ಔಷಧಿ ಬಾಟಲಿಯಲ್ಲಿ ಏರುತ್ತಿತ್ತು. ಅವನಿಗೆ ಎಲ್ಲಾ ಹೇಳಿದೆ. ಹೇಳುವಾಗ ಅಮರೇಶನ ತಾಯಿ ಅಕ್ಕ ಯಾರನ್ನೂ ಬಿಡದೆ ಬೈದೆ.

"ಅಣ್ಣಾ, ಅವ್ವಗ ಹೇಳೀಯೇನು?"

"ಇನ್ನೂ ಇಲ್ಲ."

"ಹೇಳಬ್ಯಾಡ."

"ಹೇಳದಿದ್ರ ವಿಚಾರಣಿಗಿ ಯಾರು ಬರ್ತಾರ? ಅಂಬಲಿ ಕುಡಿಯೋ ಮಕ್ಕಳನ್ನ ಹಂಗೇ ಬಿಡಬೇಕೇನು?"

"ಈ ಕೈ ಹೋದ್ರ ಹೋಗ್ಲಿ," ಅಂದ. ಬಲಗೈಯನ್ನು ಎಡಗೈಯಿಂದ ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡ, ನಿದ್ದೆ ಹೋದ ಕೂಸನ್ನು ಎತ್ತಿಟ್ಟಂತೆ. "ತನ್ನ ಕೈಯಾಗಿಂದೇ ನನಗ ವಿಷ ಹೋಗ್ಯಾದ ಅಂತ ಗೊತ್ತಾದ್ರ ಅವ್ವ ಇರಲ್ಲ. ಕೈ ಇಲ್ಲದ ಪೈಲ್ವಾನ ಇರಬಹುದು. ಆಕಿ ಇಲ್ಲದ ಮನೀ ನನಗ ಬ್ಯಾಡ."

ಹಾಗಾಗಿ ನಾವಿಬ್ಬರೂ ಸುಳ್ಳು ಕಟ್ಟಿದೆವು. ಒಂದು ತಯಾರಿಯ ಮಾಲು ಕೆಟ್ಟಿತ್ತು, ಅದರಿಂದ ಹೀಗಾಯಿತು ಅಂತ ಅವ್ವನಿಗೆ ಹೇಳಿದೆವು. ಗರಡಿಗೂ ಓಣಿಗೂ ಅದನ್ನೇ ಹೇಳಿದೆ. ಮನೆಯಲ್ಲಿದ್ದ ಪ್ಯಾಕೆಟ್ಟುಗಳನ್ನು ಹೊರಗೆಸೆದೆ. ಓಣಿಯವರೂ ಎಸೆದರು. ಸುಳ್ಳು ಹೇಳಿ ಒಳ್ಳೆಯದು ಮಾಡಿದ್ದೇವೆ ಅಂದುಕೊಂಡೆ.

*

ಆಸ್ಪತ್ರೆಯ ಓಡಾಟದಲ್ಲಿ ನಾನು ಹಗಲು ಹೊತ್ತು ಮನೆ ಸೇರುತ್ತಿರಲಿಲ್ಲ. ಅವತ್ತು ಭೀಮ್ಯಾನ ಅಂಗಿ ತರಲು ಬೆಳಗ್ಗೆಯೇ ಬಂದೆ. ಓಣಿಯ ತಿರುವಿಗೆ ಬರುತ್ತಿದ್ದಂತೆ ಹುಳಿ, ಜೀರಿಗೆಯ ಘಮ ಬಂತು.

ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳು ಸಾಲಾಗಿ ಕೂತಿದ್ದವು, ಕೈಯಲ್ಲಿ ಲೋಟ. ಅವ್ವ ಗಡಿಗೆ ಮುಂದಿಟ್ಟುಕೊಂಡು ಸೌಟಿನಿಂದ ಸುರಿಯುತ್ತಿದ್ದಳು.

"ಬಾ ತಮ್ಮಾ, ನೀನೂ ಒಂದು ಲೋಟ ಕುಡಿ, ಮಾರಿ ಬಾಡೇದ," ಅಂದಳು. "ಭೀಮ್ಯಾನ ಹೆಸರಿಲೆ ಮಕ್ಕಳಿಗಿ ಕೊಡ್ಲಿಕತ್ತೀನಿ. ಇವು ಕುಡದು ತಣ್ಣಗಾದ್ರ ಆಂವಗ ಲಗೂನ ಆರಾಮ ಆಗ್ತದ."

"ಏನ್ ಹಾಕೀದಿ ಇದರೊಳಗ?"

"ಹೊಸಾ ಮಾಲು. ಕೆಟ್ಟದ್ದೆಲ್ಲ ಹೋಯ್ತಲ್ಲ? ನಾನೇ ಅಂಗಡಿ ಮುಂದ ಕಡ್ಡಿ ಅದ್ದಿ ನೋಡಿ ತಂದೀನಿ. ಹಸರಾತು. ಚೊಲೋತ್ನಂಗ ಕುದಿಸೀನಿ, ಒಂದ್ ತುಸುವೂ ಹಸಿ ಇಲ್ಲ."

ಒಂದು ಸಣ್ಣ ಹುಡುಗಿ ಲೋಟವನ್ನು ಬಾಯಿಗಿಟ್ಟಿದ್ದಳು. ನಾನು ಅದನ್ನು ಹೊಡೆದು ಕೆಡವಿದೆ. ಬಿಸಿ ಅಂಬಲಿ ಅವಳ ಲಂಗದ ಮೇಲೆ ಚೆಲ್ಲಿ ಹುಡುಗಿ ಚೀರಿತು. ಉಳಿದ ಮಕ್ಕಳು ಲೋಟ ಬಿಟ್ಟು ಓಡಿದವು.

"ಹುಚ್ಚು ಹಿಡೀತೇನೋ ನಿನಗ!" ಅವ್ವ ಎದ್ದು ನಿಂತಳು. "ಕೂಸಿನ ಕೈಯಾಗಿನ ಅನ್ನ ಕೆಡವಿದೆಲ್ಲೋ!"

"ಅನ್ನ ಅಲ್ಲ ಅದು!" ಅಂತ ಕೂಗಿದೆ. ಆಸ್ಪತ್ರೆಯ ಸಿಟ್ಟು, ಅಮರೇಶನ ಮೇಲಿನ ಸಿಟ್ಟು, ಎಲ್ಲಾ ಆ ಕ್ಷಣಕ್ಕೆ ನಾಲಿಗೆಗೆ ಬಂತು. "ಮಾಲು ಕೆಟ್ಟಿಲ್ಲವ್ವಾ! ಮಾಲು ಎಂದೂ ಕೆಟ್ಟಿರಲಿಲ್ಲ! ಹುಳಿಯೊಳಗ ಹಾಕಿ ಕುದಿಸಿದ್ರ ವಿಷ ಹೊರಗ ಬರ್ತದ. ನೀನು ಕುದಿಸ್ತಿ ನೋಡು, ಚೊಲೋತ್ನಂಗ, ಅದಕ್ಕೇ! ನಿನ್ನ ಗಡಿಗ್ಯಾಗ ಆಗ್ಯಾದ ಇದು!"

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರ ಮನೆಯಲ್ಲೂ ಒಂದೊಂದು ಗಡಿಗೆ ಇತ್ತು.

ಹೇಳಿದ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ. ಅವ್ವ ಸೌಟನ್ನು ಗಡಿಗೆಯ ಮೇಲೆ ಅಡ್ಡ ಇಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಅತ್ತಾಳು ಅಂದುಕೊಂಡೆ, ಅಳಲಿಲ್ಲ.

"ಭೀಮ್ಯಾಗ ಗೊತ್ತದೇನು?"

"ಗೊತ್ತದ."

"ಹೌದಾ," ಅಂದಳು. "ಅದಕ್ಕೇ ಆಂವ ದಿನಾ ನಾ ಒಯ್ದ ಬುತ್ತಿ ಅಷ್ಟೂ ಉಣ್ಣಲಿಕತ್ಯಾನ. ಅಂಬಲಿ ಬಿಟ್ಟು ಏನೂ ಹೊಗಳದಂವ, ಭಾಳ ರುಚಿ ಆಗ್ಯಾದ ಯವ್ವಾ ಅಂತಾನ."

ಆಮೇಲೆ ಗಡಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

*

ವಿಚಾರಣೆಗೆ ಬಾ ಅಂತ ನಾನು ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಅವಳೇ ಸುಗುಣಾ ಮೇಡಂಗೆ ಫೋನ್ ಹಚ್ಚಿಸಿ, "ಎಂದ ಬರಬೇಕ್ರಿ?" ಅಂತ ಕೇಳಿದಳಂತೆ.

ವಿಚಾರಣೆ ನಡೆದದ್ದು ಜಿಲ್ಲಾ ಕಚೇರಿಯ ದೊಡ್ಡ ಹಾಲಿನಲ್ಲಿ. ಮೊದಲು ಮೇಡಂ ಎಲ್ಲಾ ವಿವರಿಸಿದರು, ತಪ್ಪು ತನ್ನದು ಅಂತಲೂ ಹೇಳಿದರು. ಕಂಪನಿಯ ವಕೀಲ ಅವರನ್ನು ಹೆಚ್ಚು ಕೇಳಲಿಲ್ಲ. ಅವ್ವ ಎದ್ದು ನಿಂತಾಗ ಕೋಟು ಸರಿಮಾಡಿಕೊಂಡ.

"ಅಮ್ಮಾ, ಪ್ಯಾಕೆಟ್ ಮೇಲೆ ಬರೆದಿದ್ದನ್ನು ಓದಿಸಿಕೊಂಡಿದ್ರಾ?"

"ಓದಿಸೀನ್ರಿ. ನನ್ನ ಸಣ್ಣ ಮಗನೇ ಓದ್ಯಾನ."

"ತಣ್ಣೀರು ಅಂತ ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದೂ ಕುದಿಸಿದಿರಿ."

"ಕುದಿಸೀನ್ರಿ. ನಿಮ್ಮ ಮನಿಯೊಳಗ ಕೂಸಿಗೆ ಹಸೀ ಹಿಟ್ಟು ಕೊಡ್ತಾರೇನ್ರಿ ಸಾಹೇಬ್ರ?"

ಹಾಲಿನಲ್ಲಿ ಯಾರೋ ಕೆಮ್ಮಿದರು. ವಕೀಲ ಕಾಗದ ಮಗುಚಿದ. "ಅದು ಪ್ರಶ್ನೆ ಅಲ್ಲ ಅಮ್ಮಾ."

"ಇರ್ಲಿ ಬಿಡ್ರಿ," ಅಂದಳು ಅವ್ವ. "ನಾ ತಪ್ಪು ಮಾಡಿಲ್ಲ ಅಂತ ಹೇಳ್ಲಿಕ್ಕೆ ಬಂದಿಲ್ಲ. ನಾನೇ ಕುದಿಸೀನಿ, ನಾನೇ ಕುಡಿಸೀನಿ. ಈ ಗುಂಡಮ್ಮ ಕುದಿಸಿದ್ಲು ಅಂತ ಬರಕೋರಿ. ಖರೆ ಹಂಗ ಬರಕೊಂಡು, ಇದನ್ನ ಮಾರೋದು ನಿಂದ್ರಸ್ರಿ. ನನ್ನಂಥಾಕಿ ಓಣಿಗೊಬ್ಬಾಕಿ ಇರ್ತಾಳ."

ನಿಂತಿತು. ನಮ್ಮ ಸೀಮೆಯಲ್ಲಿ ಕಸುವು ಮಾರುವುದು ನಿಂತಿತು. ವಿಚಾರಣೆ ನಡೆಸಿದ ಸಮಿತಿಯವರು ಬರೆದದ್ದು ಎರಡು ಸಾಲು: ಬಳಕೆಯ ವಿಧಾನದಲ್ಲಿ ವ್ಯತ್ಯಾಸವಾಗಿದೆ, ಉತ್ಪನ್ನವನ್ನು ಹಿಂಪಡೆಯಲಾಗಿದೆ. ವ್ಯತ್ಯಾಸವಂತೆ! ಕಂಪನಿ ಬೇರೆ ಸೀಮೆಗೆ ಹೋಯಿತು. ಅಲ್ಲಿ ದಪ್ಪ ಅಕ್ಷರದಲ್ಲಿ 'ಕುದಿಸಬೇಡಿ' ಅಂತ ಬರೆಸಿ ಮಾರುತ್ತಿದ್ದಾರಂತೆ. ಅಲ್ಲಿ ಓದಲು ಬರುವವರೇ ಇದ್ದಾರೆ ಅಂತ ಅವರಿಗೆ ಯಾರು ಹೇಳಿದರೋ. ಮೇಡಂ ಕೆಲಸ ಬಿಟ್ಟು ಬೀದರಕ್ಕೆ ಹೋದರು. ನಮ್ಮ ಓಣಿ ಮತ್ತೆ ಕೆಂಪು ತೊಗರಿಗೆ ಬಂತು. ಈಗ ಯಾರೂ ಕಡ್ಡಿ ಅದ್ದುವುದಿಲ್ಲ. ಕೆಂಪಾಗುವುದನ್ನು ನೋಡಲು ಯಾಕೆ ದುಡ್ಡು ಕೊಡಬೇಕು ಅನ್ನುತ್ತಾರೆ. ನಾನು ಲೋಟ ಹೊಡೆದು ಕೆಡವಿದ ಆ ಹುಡುಗಿ ನನ್ನನ್ನು ಕಂಡರೆ ಇವತ್ತಿಗೂ ಗೋಡೆಗೆ ಸರಿದು ಹೋಗುತ್ತದೆ.

*

ಭೀಮ್ಯಾ ಮನೆಗೆ ಬಂದಿದ್ದಾನೆ. ಆಯ್ಕೆ ಎಂದೋ ಮುಗಿದು ಹೋಯಿತು. ಮಣಿಕಟ್ಟಿಗೆ ಆಸರೆಯ ಪಟ್ಟಿ ಕಟ್ಟುತ್ತಾರೆ. ಬೆರಳು ಸ್ವಲ್ಪ ಸ್ವಲ್ಪ ಏಳುತ್ತವೆ. ಲೋಟ ಹಿಡಿಯಬಲ್ಲ, ತುಂಬಿದ ಲೋಟ ಹಿಡಿಯಲಾರ. ಪೂರ್ತಿ ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

ಅವ್ವ ಒಲೆಯ ಹತ್ತಿರ ಹೋಗುವುದಿಲ್ಲ. ಯಾರ ಮುಂದೆಯೂ ಅಳುವುದಿಲ್ಲ, ಮಾತು ಬಿಟ್ಟಿಲ್ಲ, ನೀರು ತರುತ್ತಾಳೆ, ಕಸ ಹೊಡೆಯುತ್ತಾಳೆ. ಅಡಿಗೆ ಹೊತ್ತಾದರೆ ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಾಳೆ. ಒಲೆ ನನ್ನ ಪಾಲಿಗೆ ಬಂತು. ನಾನು ಸೀಯಿಸಿದ್ದನ್ನು ಮೂವರೂ ಉಣ್ಣುತ್ತೇವೆ.

ಮೊನ್ನೆ ಭೀಮ್ಯಾ ತಾನೇ ಅಂಬಲಿ ಮಾಡುತ್ತೇನೆ ಅಂದ. ಬರೀ ಜೋಳದ ಹಿಟ್ಟು, ಮಜ್ಜಿಗೆ. ಎಡಗೈಯಿಂದ ತಿರುವಿದ, ಅರ್ಧ ಒಲೆಗೆ ಚೆಲ್ಲಿದ. ಎಸರು ಉಕ್ಕಿ ಬಂದಾಗ ಹೊಸ್ತಿಲಿಗೆ ಬಂದು ನಿಂತು ಕೂಗಿದ.

"ಯವ್ವಾ, ಇನ್ನೂ ಎಷ್ಟೊತ್ತು ಕುದಿಸ್ಲಿ?"

ಅವ್ವ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದಳು. ತಿರುಗಲಿಲ್ಲ.

"ನನಗ ಕೇಳಬ್ಯಾಡಪ್ಪ," ಅಂದಳು. "ಪ್ಯಾಕೆಟ್ ಮ್ಯಾಲ ಏನ್ ಬರದಾರ ನೋಡು."

ಭೀಮ್ಯಾ ಸೌಟು ಹಿಡಿದು ಹಾಗೇ ನಿಂತ. ಹಿಟ್ಟು ಗಿರಣಿಯಲ್ಲಿ ಬೀಸಿಸಿಕೊಂಡು ತಂದದ್ದು, ಹಳೆಯ ಅರಿವೆಯ ಚೀಲದಲ್ಲಿ. ಅದರ ಮೇಲೆ ಏನೂ ಬರೆದಿರಲಿಲ್ಲ.